ಕಲ್ಲಿಗೆ ಹೇಳಿದ್ದು ಕಲ್ಲಿಗೆ

ಕಾಲು ಚಾಚಿ ಮಲಕ್ಕೋ ನೀಲಿ, ಹೊದಿಕೆ ಎಳಕೋ. ಹೇಳ್ತೀನಿ, ಆದ್ರೆ ನೀನು ಹೂಂ ಅಂತಿರಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೆಯೂ ನಿಲ್ಲುತ್ತೆ, ಆಮೇಲೆ ಅಜ್ಜಿ ಅರ್ಧಕ್ಕೆ ಬಿಟ್ಲು ಅಂತ ನಿಮ್ಮಮ್ಮನ ಹತ್ರ ದೂರು ಹೇಳಬಾರದು.

ಒಂದಾನೊಂದು ಕಾಲದಲ್ಲಿ, ಹಿಟ್ಟಿನ ಮಿಲ್ಲು ಅನ್ನೋದನ್ನ ಯಾರೂ ಕನಸಲ್ಲೂ ಕಾಣದಿದ್ದ ಕಾಲದಲ್ಲಿ, ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು ಇದ್ಲಂತೆ. ಗಂಡ ಬೇಗನೇ ಹೋಗಿಬಿಟ್ಟಿದ್ದ. ಮೂರು ಜನ ಗಂಡುಮಕ್ಕಳು. ದೊಡ್ಡೋನು ಜವರಯ್ಯ, ನಡುವಿನೋನು ಹಲಗಯ್ಯ, ಚಿಕ್ಕೋನು ಈರಯ್ಯ. ಮೂವರೂ ಹೋರಿಗಳ ಹಾಗೆ ಬೆಳೆದಿದ್ರಂತೆ. ಉಳೋಕೆ ನಿಂತ್ರೆ ನೆಲ ನಡುಗ್ತಿತ್ತು, ಉಣ್ಣೋಕೆ ಕೂತ್ರೆ ಮಡಕೆ ನಡುಗ್ತಿತ್ತು. ಹೊತ್ತಿಗೆ ಒಬ್ಬೊಬ್ಬನಿಗೆ ಮೂರು ಮುದ್ದೆ ಬೇಕು. ಅಷ್ಟು ರಾಗಿಯನ್ನೂ ಅವಳೇ ಬೀಸಬೇಕು.

ಬೀಸೋ ಕಲ್ಲು ನೀನು ನೋಡಿಲ್ಲ. ಕೆಳಗೊಂದು ಕಲ್ಲು, ಅದರ ಮೇಲೆ ಇನ್ನೊಂದು ಕಲ್ಲು, ಮೇಲಿನ ಕಲ್ಲಿಗೆ ರಾಗಿ ಹಾಕೋಕೆ ಒಂದು ಬಾಯಿ, ಹಿಡಿದು ತಿರುಗಿಸೋಕೆ ಒಂದು ಮರದ ಗೂಟ. ಅವಳ ಮನೇದು ದೊಡ್ಡ ಕಲ್ಲು, ಒಬ್ಬಳ ಕೈಯಲ್ಲಿ ಆಗಲ್ಲ. ಎದುರುಬದುರು ಇಬ್ಬರು ಕೂತು, ಒಂದೇ ಗೂಟ ಹಿಡಿದು, ಇವಳು ಎಳೆದಾಗ ಅವಳು ಬಿಟ್ಟು, ಅವಳು ಎಳೆದಾಗ ಇವಳು ಬಿಟ್ಟು, ಹಾಗೆ ತಿರುಗಿಸಬೇಕು. ಸೊಸೆ ಇನ್ನೂ ಬಂದಿರಲಿಲ್ಲ. ಊರಾಚೆ ಗುಡಿಸಲಲ್ಲಿ ಬೆನ್ನು ಗೂನಾದ ಒಬ್ಬಳು ಹೆಂಗಸು ಇದ್ಲು, ಅವಳು ಕೋಳಿ ಕೂಗೋ ಹೊತ್ತಿಗೆ ಬಂದು ಎದುರಿಗೆ ಕೂತು ಬೀಸಿಕೊಟ್ಟು, ಒಂದು ಬೊಗಸೆ ಹಿಟ್ಟು ಸೆರಗಿಗೆ ಕಟ್ಟಿಕೊಂಡು, ಬೆಳಕು ಹರಿಯೋದರೊಳಗೆ ಹೋಗಿಬಿಡ್ತಿದ್ಲಂತೆ. ಮಕ್ಕಳು ಅವಳನ್ನ ಗೂನಿ ಅಂತಿದ್ರು. ಅವಳ ಹೆಸರೇನು ಅಂತ ಅವರಿಗೆ ಗೊತ್ತಿರಲಿಲ್ಲ.

ಬೀಸುವಾಗ ಪದ ಹೇಳಬೇಕು. ಪದ ಇಲ್ಲದಿದ್ರೆ ಕಲ್ಲು ಭಾರ. ಆ ಊರಲ್ಲಿ ಪದಕ್ಕೊಂದು ಕಟ್ಟಳೆ ಇತ್ತಂತೆ. ಕಲ್ಲಿನ ಮುಂದೆ ಹಾಡಿದ್ದು ಕಲ್ಲಿಗೇ ಸೇರಿದ್ದು. ಅತ್ತೆ ಚುಚ್ಚಿದ್ದು, ಗಂಡ ಹೊಡೆದಿದ್ದು, ತವರಿನೋರು ಮರೆತಿದ್ದು, ಏನು ಬೇಕಾದ್ರೂ ಹೇಳ್ಕೋ. ಕೇಳಿಸಿಕೊಂಡೋರು ಕೇಳಿಸ್ತು ಅನ್ನಬಾರದು. ಬೆಳಗಾದ ಮೇಲೆ, ಹಾಗೇಕೆ ಹಾಡಿದೆ ಅಂತ ಯಾರೂ ಕೇಳಬಾರದು. ಕಲ್ಲಿಗೆ ಹೇಳಿದ್ದು ಕಲ್ಲಿಗೆ, ಅಂತಿದ್ರು. ಹೆಂಗಸರಿಗೆ ಅಷ್ಟಾದ್ರೂ ಒಂದು ಜಾಗ ಇರಲಿ ಅಂತ ಯಾವ ಪುಣ್ಯಾತ್ಗಿತ್ತಿ ಮಾಡಿದ್ಲೋ. ಅದೇ ಕಟ್ಟಳೆ ಏನು ಮಾಡ್ತು ನೋಡು.

ಹೂಂ ಅನ್ನು.

ಆ ಮೂವರು ಮಕ್ಕಳೂ ಎಳೆಗೂಸಾಗಿದ್ದಾಗಿಂದ ಅವಳ ಪದ ಕೇಳ್ತಾನೇ ಮಲಗಿದೋರು. ಒಂದು ಕಾಲು ಚಾಚಿ, ತೊಡೆ ಮೇಲೆ ಕೂಸು ಮಲಗಿಸಿಕೊಂಡು ಬೀಸ್ತಿದ್ಲು. ಆಮೇಲೆ ಮೀಸೆ ಬಂದರೂ ಅವರಿಗೆ ಅದೇ ಅಭ್ಯಾಸ. ಮುಂಜಾನೆ ಕಲ್ಲು ಗುರ್ ಅಂತ ಶುರುವಾಗಿ ಅವ್ವನ ದನಿ ಎದ್ದರೆ ಸಾಕು, ಅರ್ಧ ಎಚ್ಚರ ಆಗಿದ್ದೋರೂ ಮಗ್ಗುಲು ಬದಲಾಯಿಸಿ ಇನ್ನೊಂದು ಗಳಿಗೆ ಒಳ್ಳೇ ನಿದ್ದೆ ತೆಗೀತಿದ್ರಂತೆ.

ಹೀಗೇ ಇರುವಾಗ ಒಂದು ಮುಂಜಾನೆ ಕಲ್ಲು ನಿಂತುಹೋಯ್ತು. ಇಷ್ಟು ವರ್ಷ ಸದ್ದಿಗೆ ಏಳದ ಮಕ್ಕಳು, ಸದ್ದು ನಿಂತಿದ್ದಕ್ಕೆ ಮೂವರೂ ಒಟ್ಟಿಗೇ ಎದ್ದು ಕೂತ್ರು. ಬಂದು ನೋಡಿದ್ರೆ ಅವ್ವ ಕಲ್ಲಿನ ಮೇಲೆ ತಲೆ ಇಟ್ಟು ಮಲಗಿದ್ದಾಳೆ, ಕೈ ಇನ್ನೂ ಗೂಟದ ಮೇಲೇ ಇದೆ. ಎದುರಿಗೆ ಗೂನಿ ತನ್ನ ಕೈ ತೆಗೀದೆ ಹಾಗೇ ಕೂತಿದ್ದಾಳೆ. ನಿಮ್ಮವ್ವ ಕಲ್ಲು ಬಿಟ್ಲು ಕಣ್ರಪ್ಪ, ಅಂದ್ಲಂತೆ. ಅಷ್ಟೇ ಅಂದು ಎದ್ದು ಹೋದ್ಲು. ಅವತ್ತು ಹಿಟ್ಟೂ ಕಟ್ಟಿಕೊಳ್ಳಲಿಲ್ಲ.

ಮಣ್ಣು ಮಾಡಿದ್ರು, ತಿಥಿ ಮಾಡಿದ್ರು. ಊರಿನೋರು ಉಂಡು ಹೋದ್ರು. ಆಮೇಲೆ ಆ ಮನೇಲಿ ಯಾರಿಗೂ ನಿದ್ದೆ ಬರಲಿಲ್ಲ. ಒಂದು ದಿನ ಇಲ್ಲ, ಹತ್ತು ದಿನ ಇಲ್ಲ. ಗಸಗಸೆ ಪಾಯಸ ಕುಡಿದ್ರು, ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟಿಸಿಕೊಂಡ್ರು, ಕಡೆಗೆ ಒಂದು ಮಡಕೆ ಹೆಂಡ ತಂದು ಮೂವರೂ ಕುಡಿದ್ರು. ಅಮಲು ಬಂತು, ನಿದ್ದೆ ಬರಲಿಲ್ಲ. ಕಣ್ಣು ಕೆಂಡ ಆಯ್ತು. ನೇಗಿಲ ಸಾಲು ಹಾವಿನ ಹಾಗೆ ಸೊಟ್ಟಗೆ ಹೋಯ್ತು. ಎತ್ತುಗಳೇ ನಿಂತು ಇವರನ್ನ ತಿರುಗಿ ನೋಡ್ತಿದ್ವಂತೆ. ಹೀಗೇ ಆದ್ರೆ ಹುಣ್ಣಿಮೆ ಕಾಣಲ್ಲ ಇವರು ಅಂತ ಊರೋರು ಮಾತಾಡಿಕೊಂಡ್ರು.

ಆಗ ದೊಡ್ಡೋನು ಅಂದನಂತೆ, ನಮಗೆ ಬೇಕಾಗಿರೋದು ಅವ್ವನ ಪದ. ಅದನ್ನ ನಾವೇ ಹಾಡಿಕೊಂಡ್ರೆ ಆಯ್ತಲ್ಲ.

ಸರಿ, ಹಾಡು ಮತ್ತೆ, ಅಂದ್ರು ತಮ್ಮಂದಿರು.

ದೊಡ್ಡೋನು ರಾಗ ತೆಗೆದ. ರಾಗ ಬಂತು, ಮಾತು ಬರಲಿಲ್ಲ. ನೀನು ಹೇಳೋ ಹಲಗ, ಅಂದ. ಅವನಿಗೂ ಬರಲಿಲ್ಲ. ಈರ, ನೀನು ಕಡೇ ಮಗ, ಜಾಸ್ತಿ ದಿನ ತೊಡೆ ಮೇಲೆ ಮಲಗಿದೋನು, ಅಂದ್ರು. ಅವನೂ ಊಂ ಊಂ ಅಂತ ಗುನುಗಿ ಸುಮ್ಮನಾದ. ಇಪ್ಪತ್ತು ಮೂವತ್ತು ವರ್ಷ ದಿನಾ ಕೇಳಿದ ಪದದಲ್ಲಿ ಒಂದೇ ಒಂದು ಮಾತೂ ಮೂವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ ನೀಲಿ. ಅವತ್ತು ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಆಮೇಲೆ ದೊಡ್ಡೋನು ಬುತ್ತಿ ಕಟ್ಟಿಕೊಂಡು ಅರಮನೆ ಇರೋ ಪಟ್ಟಣಕ್ಕೆ ಹೋದ. ಅಲ್ಲಿ ಒಬ್ಬ ದೊಡ್ಡ ವಿದ್ವಾಂಸ ಇದ್ದನಂತೆ, ವೀಣೆ ಮುಟ್ಟಿದ್ರೆ ತೊಟ್ಟಿಲ ಕೂಸೂ ತಲೆದೂಗ್ತಿತ್ತಂತೆ. ಇವನು ಗುನುಗಿ ತೋರಿಸಿದ. ವಿದ್ವಾಂಸ ಕಣ್ಣು ಮುಚ್ಚಿ ಕೇಳಿದ. ಚೆನ್ನಾಗಿದೆಯಲ್ಲಯ್ಯ, ಎಲ್ಲಿತ್ತು ಇದು? ಅಂದ. ನಮ್ಮ ಅಡುಗೆಮನೆ ಪಕ್ಕ ಸ್ವಾಮಿ, ಅಂದ ಇವನು. ಹಂಗಾದ್ರೆ ನಮ್ಮನೇಲೂ ಇದ್ದಿರಬೇಕು, ನಾನು ಆ ಕಡೆ ಹೋದೋನಲ್ಲ, ಅಂತ ವಿದ್ವಾಂಸ ನಕ್ಕ. ನಕ್ಕು, ಆ ರಾಗ ತಿದ್ದಿ ತೀಡಿ, ಅದರೊಳಗೆ ಮೂರು ಲೋಕದ ಒಡೆಯನ ಹೆಸರು ಕೂರಿಸಿ, ಸಭೆಯಲ್ಲಿ ಹಾಡಿದ. ಅರಸ ತೂಕಡಿಸಿದ, ಮಂತ್ರಿ ಗೊರಕೆ ಹೊಡೆದ, ಬಾಗಿಲು ಕಾಯೋನು ಈಟಿ ತಬ್ಬಿಕೊಂಡು ನಿಂತಲ್ಲೇ ಮಲಗಿಬಿಟ್ಟ. ಇಡೀ ಸಭೆಯಲ್ಲಿ ಎಚ್ಚರ ಇದ್ದೋನು ಜವರಯ್ಯ ಒಬ್ಬನೇ. ಅವ್ವನ ರಾಗದಲ್ಲಿ ಅವ್ವ ಇರಲಿಲ್ಲ. ಊರಿಗೆ ವಾಪಸು ಬಂದು ಜಗಲಿ ಮೇಲೆ ಕೂತೋನು ಆಮೇಲೆ ಯಾರ ಹತ್ರಾನೂ ಮಾತಾಡಲಿಲ್ಲ.

ಆಮೇಲೆ ನಡುವಿನೋನು ಹೊರಟ. ದಾರೀಲಿ ತಂಬೂರಿ ಹಿಡಿದು ಊರೂರು ಅಲೆಯೋ ಪದಗಾರ ಸಿಕ್ಕನಂತೆ. ಸಾವಿರ ಪದ ಬಲ್ಲೋನು. ಅಪ್ಪಾ, ನಮ್ಮವ್ವನ ಪದ ಬೇಕು, ಅಂದ ಹಲಗಯ್ಯ. ತಾಯಿ ಪದಾನಾ? ನೂರಾ ಒಂದಿದೆ, ಕೂತ್ಕೋ, ಅಂದ ಪದಗಾರ. ಮೂರು ದಿನ ಹಾಡಿದನಂತೆ. ಒಂದರಲ್ಲಿ ತಾಯಿ ಚಿನ್ನ, ಒಂದರಲ್ಲಿ ತಾಯಿ ದೇವರು, ಒಂದರಲ್ಲಿ ತಾಯಿ ಹಾಲು ಕೊಡೋ ಹಸು. ದಾರಿಹೋಕರು ನಿಂತು ಕಣ್ಣೊರೆಸಿಕೊಂಡು ಹೋಗ್ತಿದ್ರು. ಮೂರನೇ ದಿನ ಹಲಗಯ್ಯ ಅಂದ, ಇದ್ಯಾವುದೂ ಅಲ್ಲಪ್ಪ, ನಮ್ಮವ್ವ ಯಾವತ್ತೂ ತನ್ನನ್ನ ಚಿನ್ನ ಅಂದುಕೊಂಡೋಳಲ್ಲ. ಪದಗಾರ ತಂಬೂರಿ ಕೆಳಗಿಟ್ಟು ಕೇಳಿದನಂತೆ, ಮತ್ತೆ ಏನಂದುಕೊಂಡಿದ್ಲು?

ಹಲಗಯ್ಯನಿಗೆ ಗೊತ್ತಿರಲಿಲ್ಲ. ಅವನೂ ಬಂದು ಜಗಲಿ ಮೇಲೆ ಅಣ್ಣನ ಪಕ್ಕ ಕೂತ.

ಇನ್ನು ಉಳಿದೋನು ಈರಯ್ಯ. ಅವನು ಎಲ್ಲಿಗೂ ಹೋಗಲಿಲ್ಲ, ಹೋಗೋಕೆ ಕಾಲಲ್ಲಿ ಶಕ್ತಿ ಇರಲಿಲ್ಲ. ಅಣ್ಣಂದಿರಿಗೆ ಒಂದಿಷ್ಟು ಅಂಬಲಿ ಕಾಯಿಸೋಣ ಅಂತ ಹಿಟ್ಟಿನ ಮಡಕೆಗೆ ಕೈ ಹಾಕಿದ. ಕೈಗೆ ತಳ ಸಿಕ್ತು. ಅವ್ವ ಬೀಸಿಟ್ಟ ಹಿಟ್ಟು ಮುಗಿದಿತ್ತು. ಉಗುರಲ್ಲಿ ಕೆರೆದ್ರೆ ಒಂದು ಚಿಟಿಕೆ ಬಂತು, ಅದನ್ನ ತಿನ್ನೋಕೂ ಮನಸ್ಸಾಗಲಿಲ್ಲ, ಚೆಲ್ಲೋಕೂ ಆಗಲಿಲ್ಲ, ಅಂಗೈಯಲ್ಲಿ ಹಿಡಕೊಂಡು ಬಹಳ ಹೊತ್ತು ನಿಂತಿದ್ದನಂತೆ. ಆಮೇಲೆ ಅದನ್ನ ಮಡಕೆಗೇ ಹಾಕಿ, ಮೊರದಲ್ಲಿ ರಾಗಿ ತಗೊಂಡು ಕಲ್ಲಿನ ಮುಂದೆ ಕೂತ. ಗೂಟ ಹಿಡಿದು ಎಳೆದ. ಎತ್ತಿನಂಥ ಆಳು, ಕಲ್ಲು ಅರ್ಧ ಸುತ್ತು ಬಂದು ನಿಂತುಕೊಳ್ತು. ಆಗ ಅವನಿಗೆ ಹೊಳೀತಂತೆ, ಎದುರಿಗೆ ಇನ್ನೊಂದು ಕೈ ಇರ್ತಿತ್ತಲ್ಲ.

ಎದ್ದು ಊರಾಚೆ ಗುಡಿಸಲಿಗೆ ಹೋದ. ಗೂನಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸ್ತಿದ್ಲು. ಇವನು ಕರೆಯೋಕೆ ಬಾಯಿ ತೆಗೆದ, ಏನಂತ ಕರೀಬೇಕು ತಿಳೀಲಿಲ್ಲ.

ನಿಮ್ಮ ಹೆಸರೇನು? ಅಂದನಂತೆ.

ಅವಳು ತಲೆ ಎತ್ತಿ ನೋಡಿ, ಇಪ್ಪತ್ತು ವರ್ಷ ನಿಮ್ಮನೆ ಕಲ್ಲು ತಿರುಗಿಸಿದ್ದೀನಿ, ಈಗ ಕೇಳ್ತೀಯಾ? ಸಾತಮ್ಮ, ಅಂದ್ಲು.

ಸಾತವ್ವ, ಅವ್ವ ಏನು ಹಾಡ್ತಿದ್ಲು ಹೇಳವ್ವ, ಅಂದ.

ಕಲ್ಲಿಗೆ ಹೇಳಿದ್ದು ಕಲ್ಲಿಗೆ ಕಣಪ್ಪ. ಹೇಳಬಾರದು.

ಹೇಳದಿದ್ರೆ ನಾವು ಸಾಯ್ತೀವಿ ಸಾತವ್ವ.

ಅವಳು ಸೊಪ್ಪು ಬಿಡಿಸ್ತಾನೇ ಇದ್ಲು. ಆಮೇಲೆ ಅಂದ್ಲಂತೆ, ಹೇಳು ಅಂದ್ರೂ ನಂಗೆ ಬರಲ್ಲ, ಗೂಟ ಕೈಯಲ್ಲಿದ್ರೆ ತಾನಾಗಿ ಬರುತ್ತೆ. ನಾಳೆ ಕೋಳಿ ಕೂಗೋ ಹೊತ್ತಿಗೆ ಬರ್ತೀನಿ. ನಿಮ್ಮವ್ವ ಕೂರ್ತಿದ್ದ ಜಾಗದಲ್ಲಿ ನೀನು ಕೂತಿರು. ನಾನು ಕಲ್ಲಿಗೆ ಹೇಳ್ತೀನಿ, ನಿಂಗೆ ಕೇಳಿಸಿದ್ರೆ ನಾನೇನು ಮಾಡಲಿ.

ಹಾಗೇ ಬಂದ್ಲು. ಗಂಡಸು ರಾಗಿ ಬೀಸೋಕೆ ಕೂತಿದ್ದಾನೆ ಅಂತ ಸುದ್ದಿ ಹಬ್ಬಿ, ನೀರಿಗೆ ಹೋಗೋ ಹೆಂಗಸರು, ಹೊಲಕ್ಕೆ ಹೋಗೋ ಗಂಡಸರು ಬಾಗಿಲಲ್ಲಿ ಇಣುಕಿ ನೋಡೋರೇ. ಏನ್ಲಾ ಈರ, ಬಳೆಗಾರನಿಗೆ ಹೇಳಿ ಕಳಿಸ್ಲಾ, ನಿನ್ನ ಕೈ ಅಳತೆ ಎಷ್ಟು? ಅಂದನಂತೆ ಒಬ್ಬ. ಹೆಣ್ಣು ಹುಡುಕೋದು ಬಿಟ್ಟು ನೀನೇ ಹೆಣ್ಣಾದ್ಯಲ್ಲೋ, ಅಂದ್ಲಂತೆ ಇನ್ನೊಬ್ಬಳು. ಈರಯ್ಯ ತಲೆ ತಗ್ಗಿಸಿ ಗೂಟ ಎಳೀತಾನೇ ಇದ್ದ. ಮೊದಲನೇ ದಿನ ಸಾತಮ್ಮ ಹಾಡಿದ್ಲು:

ಮೆಲ್ಲಾನೆ ತಿರುಗವ್ವ, ಮೆಲ್ಲಾನೆ ನನ ಕಲ್ಲೆ
ಒಳಗೆ ಮಲಗ್ಯಾರೆ ಮೂವಾರು — ಮಕ್ಕಾಳು
ಎದ್ದಾರು ನಿನ್ನ ಸದ್ದೀಗೆ.

ಈರಯ್ಯ ಎಳೆಯೋದು ಬಿಟ್ಟ. ತಿರುಗಿಸು, ನಿಲ್ಲಿಸಿದ್ರೆ ಪದ ಹೋಗುತ್ತೆ, ಅಂದ್ಲು ಸಾತಮ್ಮ. ಅವತ್ತು ಅಂಗೈ ಬೊಬ್ಬೆ ಬಂತು.

ಎರಡನೇ ದಿನ ಬೊಬ್ಬೆ ಒಡೀತು. ಬಟ್ಟೆ ಸುತ್ತಿಕೊಂಡು ಕೂತ. ಸಾತಮ್ಮ ಹಾಡಿದ್ಲು:

ದೊಡ್ಡೋನ ಗೊರಕೇಗೆ ತೊಲೆಯೆಲ್ಲ ನಡುಗ್ಯಾವೆ
ನಡುವಾನ ಕೈಯಾಗೆ ಬೆಲ್ಲಾದ — ಅಂಟೈತೆ
ಚಿಕ್ಕೋನು ಜೋತ ಸೆರಗೀಗೆ.

ಜಗಲಿ ಮೇಲೆ ಕೂತಿದ್ದ ಹಲಗಯ್ಯ ತನ್ನ ಕೈ ತಿರುಗಿಸಿ ನೋಡಿಕೊಂಡನಂತೆ. ಕದ್ದು ಬೆಲ್ಲ ತಿನ್ನೋದು ಅವ್ವನಿಗೆ ಗೊತ್ತಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದ.

ಮೂರನೇ ದಿನ ಸಾತಮ್ಮ ಬಂದು ಕೂತ್ಲು, ಪದ ಎತ್ತಲಿಲ್ಲ. ಸುಮ್ಮನೆ ತಿರುಗಿಸಿದ್ಲು. ಇವತ್ತಿನ ಪದ ಬೇಡ ಈರಯ್ಯ, ಅಂದ್ಲು. ಇಷ್ಟು ಕೇಳಿದ್ಯಲ್ಲ, ಇದರಲ್ಲೇ ನಿದ್ದೆ ಬರುತ್ತೆ, ಇದು ಒಳ್ಳೇ ಪದ, ಇಲ್ಲಿಗೇ ಬಿಡು. ಅವಳು ಹೇಳಿದ್ದು ಸರಿಯಾಗಿತ್ತು ಕಣೆ, ಅಲ್ಲಿಗೇ ಬಿಟ್ಟಿದ್ರೆ ಅವರು ಸುಖವಾಗಿ ಮಲಗ್ತಿದ್ರೋ ಏನೋ. ಈರಯ್ಯ ಬಿಡಲಿಲ್ಲ. ಪೂರಾ ಹೇಳು ಸಾತವ್ವ, ಅಂದ. ಆಗ ಅವಳು ಅವನ ಮುಖ ನೋಡದೆ, ಕಲ್ಲಿನ ಬಾಯಿ ನೋಡಿಕೊಂಡು ಹಾಡಿದ್ಲಂತೆ:

ಎದೆಯೊಳಗೆ ಮುಳ್ಳೊಂದು ಮುರಿದೈತೆ ನನ ಮಗನೆ
ಎದುರೀಗೆ ಬಂದು ಕೂರಯ್ಯ — ಈ ಗೂಟ
ಒಂದು ಸುತ್ತಾದ್ರೂ ಹಿಡಿಯಯ್ಯ.

ಕಲ್ಲು ನಿಂತುಹೋಯ್ತು.

ಎಷ್ಟು ದಿನ ಹಾಡಿದ್ಲು ಇದನ್ನ? ಅಂದ ಈರಯ್ಯ.

ಎರಡು ವರ್ಷ. ಮೊದಲು ಒಂದೊಂದು ದಿನ. ಕಡೆಕಡೆಗೆ ದಿನಾ.

ನೀನಾದ್ರೂ ನಮಗೆ ಒಂದು ಮಾತು ಹೇಳಬಾರದಾಗಿತ್ತಾ?

ಸಾತಮ್ಮ ಅವನನ್ನ ನೋಡಿದ್ಲಂತೆ. ನಾನೇನು ಹೇಳಲಿ ಮಗ. ನೀವು ಮಲಗ್ತಿದ್ದಿದ್ದು ಇಲ್ಲೇ, ಎರಡು ಮಾರು ದೂರ. ನಿಮಗೆ ಕೇಳಿಸ್ತಿದೆ, ಕಟ್ಟಳೆ ಅಂತ ಸುಮ್ಮನಿದ್ದೀರ ಅಂದುಕೊಂಡಿದ್ದೆ. ಅವಳೂ ಹಾಗೇ ಅಂದುಕೊಂಡಿದ್ಲು. ಒಂದು ದಿನ ಕೇಳಿದೆ, ಹೋಗಿ ಎಬ್ಬಿಸಬಾರದೇನೇ ಹೊಂಬಾಳಿ ಅಂತ. ಎದ್ದೇ ಇದ್ದಾರೆ ಕಣೆ, ಮಗ್ಗುಲು ಬದಲಾಯಿಸಿದ್ದು ನೋಡಿದೆ, ಅಂದ್ಲು. ಎದ್ದೇ ಇರೋರನ್ನ ಎಬ್ಬಿಸೋದು ಹೇಗೆ ಅಂದ್ಲು.

ನೀಲಿ, ಇದಕ್ಕಿಂತ ಹೆಚ್ಚಿಗೆ ಈ ಕತೇಲಿ ಏನೂ ಇಲ್ಲ. ಅವರಿಗೆ ಕೇಳಿಸಿರಲಿಲ್ಲ. ಕೇಳಿಸಿಯೂ ಬರಲಿಲ್ಲ ಅಂದುಕೊಂಡೇ ಅವಳು ಹೋದ್ಲು.

ಜಗಲಿ ಮೇಲಿಂದ ದೊಡ್ಡೋನು ಎದ್ದು ಬಂದ. ಎಷ್ಟೋ ದಿನದಿಂದ ಮಾತಾಡದೇ ಇದ್ದೋನು ಕಲ್ಲಿನ ಮುಂದೆ ಮಂಡಿ ಊರಿ, ರಾಗಿ ಹಾಕೋ ಬಾಯಿಗೆ ಬಾಯಿ ಇಟ್ಟು, ಅವ್ವಾ ನಮಗೆ ಕೇಳಿಸಿರಲಿಲ್ಲ ಕಣವ್ವ, ಅಂದನಂತೆ. ಆಮೇಲೆ ನಡುವಿನೋನು ಅದೇ ಮಾತು ಹೇಳಿದ. ಆಮೇಲೆ ಚಿಕ್ಕೋನು ಹೇಳಿದ. ಕಲ್ಲಿಗೆ ಹೇಳಿದ್ದು ಅವಳಿಗೆ ಮುಟ್ತಾ ಅಂತೀಯಾ? ಕಲ್ಲಿಗೆ ಹೇಳಿದ್ದು ಕಲ್ಲಿಗೆ. ಅದು ಇವರ ಮಾತನ್ನೂ ಒಳಗೇ ಇಟ್ಟುಕೊಳ್ತು.

ನಿದ್ದೆ ಬಂತು ಅವರಿಗೆ. ಅಲ್ಲೇ, ಕಲ್ಲಿನ ಸುತ್ತ, ಹಿಟ್ಟಿನ ಮೇಲೇ ಮೂವರೂ ಬಿದ್ದು ಮಲಗಿದ್ರಂತೆ. ಸತ್ತಿಲ್ಲ, ಬದುಕಿದ್ರು. ಆದ್ರೆ ಅದು ಹಳೇ ನಿದ್ದೆ ಅಲ್ಲ. ಎಲೆ ಬಿದ್ರೂ ಎಚ್ಚರ, ಯಾರು ಎಲ್ಲಿ ಕೆಮ್ಮಿದ್ರೂ ಎದ್ದು ಕೂತು, ಯಾರು, ಏನಾಗಬೇಕು, ಅನ್ನೋರು. ಸಾಯೋ ತನಕ ಅಷ್ಟೇ ನಿದ್ದೆ ಅವರಿಗೆ.

ಮುಖ ಯಾಕೆ ಸಪ್ಪೆ ಮಾಡ್ಕೊಳ್ತೀಯ? ಚೆನ್ನಾಗಿ ಮುಗಿಯುತ್ತೆ, ಇರು.

ಆಮೇಲೆ ಸಾತಮ್ಮನ್ನ ಮನೆಗೇ ಕರಕೊಂಡು ಬಂದು ಇಟ್ಟುಕೊಂಡ್ರು. ಗೂನಿ ಅಂತ ಊರಲ್ಲಿ ಯಾರಾದ್ರೂ ಅಂದ್ರೆ ಮೂವರೂ ಕೋಲು ತಗೊಂಡು ಹೊರಡ್ತಿದ್ರಂತೆ. ಆಮೇಲೆ ಮೂವರಿಗೂ ಮದುವೆ ಆಯ್ತು, ಮೂವರು ಸೊಸೆಯರು ಬಂದ್ರು. ಆ ಮನೇಲಿ ಒಂದು ಹೊಸ ಕಟ್ಟಳೆ. ಕಲ್ಲಿನ ಮುಂದೆ ಯಾರು ಪದ ಎತ್ತಿದ್ರೂ ಮನೆ ಗಂಡಸು ಒಬ್ಬ ಎದ್ದು ಬಂದು ಎದುರಿಗೆ ಕೂತು ಗೂಟ ಹಿಡೀಬೇಕು. ಈರಯ್ಯನ ಹೆಂಡತಿ ಬಾಯಿ ಜೋರು. ಅವಳು ಒಂದು ದಿನ ರೇಗಿದ್ಲಂತೆ, ಇದೇನ್ರೀ ನಿಮ್ಮ ಮನೆ, ಬೇರೆ ಊರಲ್ಲಿ ಹೆಂಗಸರು ಕಲ್ಲಿನ ಮುಂದೆ ಕೂತು ಗಂಡನ್ನ ಹೊಟ್ಟೆ ತುಂಬ ಬೈದು ಎದ್ದು ಬರ್ತಾರೆ, ನೀವು ನೋಡಿದ್ರೆ ಎದುರಿಗೇ ಬಂದು ಕೂರ್ತೀರ, ನಾನು ಯಾರನ್ನ ಬೈಯ್ಯಲಿ? ಈರಯ್ಯ ಗೂಟ ಹಿಡಿದು ಅಂದನಂತೆ, ನನ್ನನ್ನೇ ಬೈಯಿ ಮಾರಾಯ್ತಿ. ಗಟ್ಟಿಯಾಗಿ ಬೈಯಿ. ನಂಗೆ ಕೇಳಿಸಬೇಕು.

ಹಾಗೆ ಅವರು ಅಲ್ಲಿ ಬೀಸಿಕೊಂಡು, ಬೈಸಿಕೊಂಡು, ಬೇಕಾದಷ್ಟು ಉಂಡುಕೊಂಡು ಇದ್ರಂತೆ. ರಾಗಿ ತೀರಿತು, ಕಲ್ಲು ನಿಂತಿತು, ನನ್ನ ಕತೆಯೂ ಅಲ್ಲಿಗೆ ಮುಗೀತು.

ಏನು? ನನ್ನ ಪದಾನಾ? ನಾನೂ ಬೀಸಿದ್ದೀನಿ ಕಣೆ, ಮಿಲ್ಲು ಬರೋ ತನಕ. ನಿಮ್ಮಪ್ಪ ಇದೇ ತೊಡೆ ಮೇಲೆ ಮಲಗಿದೋನು. ಏನು ಹಾಡ್ತಿದ್ದೆ ಅಂತ ಯಾರೂ ಕೇಳಿಲ್ಲ, ನೀನೇ ಮೊದಲು. ಹೇಳ್ತೀನಿ. ಆದ್ರೆ ಹೂಂ ಅಂತಿರಬೇಕು, ಆಯ್ತಾ?

ರಾಗಿ ಮುಗಿದಾರೂನು ಗೂಟ ನಾ ಬಿಡಲಿಲ್ಲ
ಎದ್ದು ಒಬ್ಬಾರು ಬಂದಾರೆ — ಅಂದುಕೊಂಡು

ಹೂಂ ಅನ್ನು ನೀಲಿ. ಇನ್ನೊಂದು ಸಾಲಿದೆ.

ನೀಲಿ?

ಆಯ್ತು, ಮಲಗು.